ಬ್ಯಾಕಪ್ ಇದೆ ಅಂತೀರಲ್ಲ, ಒಂದ್ಸಲ ವಾಪಸ್ ಹಾಕಿ ನೋಡಿದ್ದೀರಾ?

ಅಂಗಡಿ, ಕ್ಲಿನಿಕ್ಕು, ಸಣ್ಣ ಫ್ಯಾಕ್ಟರಿ, ಬಿಲ್ಲು, ಲೆಕ್ಕ ಇಟ್ಟಿರೋ ಡೇಟಾಬೇಸ್ ಬಗ್ಗೆ ಎಲ್ಲಿ ಕೇಳಿದ್ರೂ "ದಿನಾ ಬ್ಯಾಕಪ್ ಆಗುತ್ತೆ ಸಾರ್" ಅಂತಾರೆ. ನನಗೆ ಗೊತ್ತಿರೋ ಒಂದು ಹೋಲ್‌ಸೇಲ್ ಅಂಗಡೀಲಿ ಡಿಸ್ಕ್ ಕೈಕೊಟ್ಟ ದಿನ ಪೆನ್‌ಡ್ರೈವ್ ತೆಗೆದ್ರೆ ಫೈಲೆಲ್ಲಾ ಸೊನ್ನೆ ಕೆಬಿ. ಯಾರೋ ಪಾಸ್‌ವರ್ಡ್ ಬದಲಾಯಿಸಿದ್ರು, ಬ್ಯಾಕಪ್ ತೆಗೆಯೋ ಸ್ಕ್ರಿಪ್ಟ್ ಡೇಟಾಬೇಸಿಗೆ ಲಾಗಿನ್ನೇ ಆಗ್ತಿರಲಿಲ್ಲ, ತಿಂಗಳುಗಟ್ಟಲೆ ಉದ್ರಿ ಲೆಕ್ಕ ಹೋಯ್ತು.

ಮೊದಲು ಲಾಗಿನ್. ಎಲ್ಲರಿಗೂ ಒಂದೇ ರೂಟ್ (ಎಲ್ಲಾ ಅಧಿಕಾರ ಇರೋ) ಪಾಸ್‌ವರ್ಡ್ ಕೊಡ್ಬೇಡಿ, ಬಿಲ್ ಹಾಕೋರಿಗೆ ಡಿಲೀಟ್ ಪರ್ಮಿಷನ್ ಬೇಕಾಗಿಲ್ಲ.

ಆಮೇಲೆ ಡಂಪ್, ಅಂದ್ರೆ ಡೇಟಾಬೇಸನ್ನ ಒಂದು ಫೈಲಿಗೆ ಇಳಿಸೋದು. ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಆದ್ರೆ ಅದರದ್ದೇ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ಸಾಕು, ಟೇಬಲ್‌ಗಳು ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಟೇಬಲ್ ಇಡೋ ಒಂದು ಬಗೆ) ಆಗಿದ್ರೆ ಸಿಂಗಲ್ ಟ್ರಾನ್ಸಾಕ್ಷನ್ ಆಪ್ಷನ್ ಹಾಕಿ, ಇಲ್ದಿದ್ರೆ ಟೇಬಲ್ ಲಾಕ್ ಆಗಿ ಕೌಂಟರಲ್ಲಿ ಬಿಲ್ಲಿಂಗ್ ನಿಲ್ಲುತ್ತೆ. ರುಟೀನ್ಸ್ (ಡೇಟಾಬೇಸೊಳಗೇ ಬರೆದಿಟ್ಟ ಸಣ್ಣ ಪ್ರೋಗ್ರಾಂ), ಈವೆಂಟ್ಸ್ (ಟೈಮಿಗೆ ತಾವೇ ಓಡೋ ಕೆಲಸ) ಆಪ್ಷನ್ನೂ ಸೇರಿಸಿ, ಅವು ತಾವಾಗೇ ಡಂಪಿಗೆ ಬರಲ್ಲ. ಡೇಟಾ ಫೋಲ್ಡರನ್ನ ಸುಮ್ನೆ ಕಾಪಿ ಪೇಸ್ಟ್ ಮಾಡೋ ಶಾರ್ಟ್‌ಕಟ್ ಮಾತ್ರ ಬೇಡ, ಸರ್ವರ್ ಓಡ್ತಿರುವಾಗ ಹಾಗೆ ತೆಗೆದ ಕಾಪಿ ಅರ್ಧಂಬರ್ಧ ಇರುತ್ತೆ.

ಮೂರು ಕಾಪಿ, ಎರಡು ಥರದ ಮೀಡಿಯಾ, ಒಂದು ಬೇರೆ ಜಾಗದಲ್ಲಿ. ಸದಾ ಚುಚ್ಚಿರೋ ಹಾರ್ಡ್‌ಡಿಸ್ಕ್ ಲೆಕ್ಕಕ್ಕಿಲ್ಲ, ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದ್ರೆ ಅದನ್ನೂ ಲಾಕ್ ಮಾಡುತ್ತೆ.

ಈಗ ಎಲ್ಲರೂ ಬಿಡೋ ಕೆಲಸ, ರೀಸ್ಟೋರ್, ಅಂದ್ರೆ ಬ್ಯಾಕಪ್ ವಾಪಸ್ ಹಾಕೋದು. ತಿಂಗಳಿಗೊಂದ್ಸಲ ಬೇರೆ ಪಿಸಿ ತಗೊಳ್ಳಿ, ಅದೇ ವರ್ಷನ್ ಮೈಎಸ್‌ಕ್ಯೂಎಲ್ ಹಾಕಿ, ಖಾಲಿ ಡೇಟಾಬೇಸ್ ಮಾಡಿ ನಿನ್ನೆಯ ಡಂಪ್ ಅದರೊಳಗೆ ಬಿಡಿ. ಅಸಲಿ ಸರ್ವರ್ ಮೇಲೆ ದಯವಿಟ್ಟು ಟ್ರೈ ಮಾಡ್ಬೇಡಿ. ಎರರ್ ಬರಲಿಲ್ಲ ಅಂತ ಅಲ್ಲಿಗೇ ಎದ್ದು ಹೋಗ್ಬೇಡಿ, ನಿನ್ನೆಯ ಕೊನೇ ಬಿಲ್ ನಂಬರ್ ಇದೆಯಾ ನೋಡಿ, ಎರಡೂ ಕಡೆ ನಿನ್ನೆವರೆಗಿನ ಬಿಲ್ ಎಷ್ಟಿದೆ ಎಣಿಸಿ, ಒಬ್ಬ ಹಳೇ ಗ್ರಾಹಕರ ಬಾಕಿ ತಾಳೆ ಮಾಡಿ, ಕನ್ನಡದ ಹೆಸರು ಪ್ರಶ್ನೆ ಚಿಹ್ನೆ ಆಗಿದ್ಯಾ ಅಂತ ಕಣ್ಣಲ್ಲೇ ನೋಡಿ (ಕ್ಯಾರೆಕ್ಟರ್ ಸೆಟ್, ಅಂದ್ರೆ ಅಕ್ಷರ ಉಳಿಸೋ ರೀತಿ, ಯುಟಿಎಫ್8ಎಂಬಿ4 ಇಡಿ). ದೊಡ್ಡ ಕಂಪನಿಗಳೂ ಇಲ್ಲೇ ಜಾರಿವೆ. 2017ರ ಜನವರಿ 31ಕ್ಕೆ ಸಾಫ್ಟ್‌ವೇರ್ ಕೋಡ್ ಇಡೋ ವೆಬ್‌ಸೈಟ್ ಗಿಟ್‌ಲ್ಯಾಬಲ್ಲಿ ತಪ್ಪು ಸರ್ವರಲ್ಲಿ ಡೇಟಾ ಡಿಲೀಟ್ ಆಯ್ತು, ಬ್ಯಾಕಪ್ ನೋಡಿದ್ರೆ ಡಂಪ್ ಟೂಲಿನ ವರ್ಷನ್ ಡೇಟಾಬೇಸಿಗೆ ಹೊಂದದೆ ಡಂಪೇ ಆಗ್ತಿರಲಿಲ್ಲ, ಫೇಲ್ ಆಯ್ತು ಅನ್ನೋ ಮೇಲ್‌ಗಳೂ ರಿಜೆಕ್ಟ್ ಆಗ್ತಿದ್ವು, ಕೊನೆಗೆ ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ 6 ಗಂಟೆ ಹಳೇ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡಿಸ್ಕಿನ ಕಾಪಿ) ಕೈಹಿಡೀತು.

ರೀಸ್ಟೋರ್‌ಗೆ ಎಷ್ಟು ಹೊತ್ತು ಹಿಡೀತು ಅಂತ ಬರೆದಿಡಿ, ಅಂಗಡಿ ಅಷ್ಟು ಹೊತ್ತು ಪೇಪರ್ ಬಿಲ್ಲಲ್ಲಿ ನಡೀಬೇಕಾಗುತ್ತೆ. ಟೆಸ್ಟ್ ಮುಗಿದ ಮೇಲೆ ಆ ಪಿಸಿಯ ಕಾಪಿ ಅಳಿಸಿಬಿಡಿ, ಗ್ರಾಹಕರ ಫೋನ್ ನಂಬರೆಲ್ಲಾ ಅದರಲ್ಲೇ ಇರುತ್ತೆ.