11 ಹಳೇ ಕಂಪ್ಯೂಟರಲ್ಲಿ ಸಿಯುಇಟಿ ತಾಲೀಮು

“ಸಿಇಟಿ ಇನ್ನೂ ಪೆನ್ನಲ್ಲಿ ಗುಂಡು ತುಂಬೋ ಓಎಂಆರ್ ಹಾಳೆ ಮ್ಯಾಲೇ ಐತಲ್ರೀ ಸರ, ನಮ್ಮ ಹುಡುಗರಿಗೆ ಕಂಪ್ಯೂಟರ್ ಪರೀಕ್ಷೆ ಯಾಕ್ರೀ?” 2023ರಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದನ್ನೇ ಕೇಳಿದರು. ನಮ್ಮದು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಪಿಯು ಕಾಲೇಜು. ಕಲಾ ವಿಭಾಗದ ಮಕ್ಕಳೇ ಜಾಸ್ತಿ. ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಜಿಲ್ಲೆಯ ಕಡಗಂಚಿಯಲ್ಲೇ. ಅಲ್ಲಿ ಡಿಗ್ರಿ ಸೇರಬೇಕಾದರೆ ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯನ್ನು ಕಂಪ್ಯೂಟರಲ್ಲಿ ಬರೆಯಬೇಕು. ಎಲ್ಲಿಂದಲೋ ಮಕ್ಕಳು ಬಂದು ಓದುತ್ತಾರೆ, ಅದೇ ಜಿಲ್ಲೆಯ ನಮ್ಮವರು ಹೋಗುವುದಿಲ್ಲ. ಇದು ನನ್ನ ನಿದ್ದೆ ಕೆಡಿಸಿತ್ತು.

ಆ ವರ್ಷ 9 ಮಕ್ಕಳಿಂದ ಪರೀಕ್ಷೆ ಬರೆಸಿದೆ. ಪಾಠ ಗೊತ್ತಿತ್ತು, ಕೈ ಸೋತಿತು. ಒಬ್ಬಳು ಬಂದು ಅತ್ತಳು. ಉತ್ತರ ಆರಿಸಿ, ಪಕ್ಕದ ಪ್ರಶ್ನೆ ಸಂಖ್ಯೆ ಒತ್ತಿ ಮುಂದೆ ಹೋಗಿದ್ದಳಂತೆ. ಆ ಪರೀಕ್ಷೆಯಲ್ಲಿ ‘ಸೇವ್ ಅಂಡ್ ನೆಕ್ಸ್ಟ್’ ಬಟನ್ ಒತ್ತದಿದ್ದರೆ ಉತ್ತರ ಉಳಿಯುವುದಿಲ್ಲ. ಹತ್ತು ಹನ್ನೆರಡು ಪ್ರಶ್ನೆ ಹಾಗೇ ಹೋದವು. ಸರಿ ಉತ್ತರಕ್ಕೆ 5 ಅಂಕದ ಲೆಕ್ಕದಲ್ಲಿ ಅದೆಷ್ಟು ನಷ್ಟ ನೋಡಿ.

ಮೊದಲು ಮೊಬೈಲಿನಲ್ಲಿ ತಾಲೀಮು ಮಾಡಿಸಿದೆ. ಖರ್ಚಿಲ್ಲ, ಎಲ್ಲರ ಮನೆಯಲ್ಲೂ ಒಂದು ಇದೆ. ಎರಡು ತಿಂಗಳು ಹಾಳಾಯಿತು. ಬೆರಳಲ್ಲಿ ಚುರುಕಾದ ಹುಡುಗ ಮೌಸ್ ಹಿಡಿದರೆ ನಿಂತುಬಿಡುತ್ತಾನೆ. ಒಬ್ಬ ಮಾನಿಟರ್ ಮೇಲೇ ಬೆರಳು ಒತ್ತಿದ. ಅಲ್ಲಿಗೆ ಮೊಬೈಲ್ ಬಿಟ್ಟೆ.

ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ 11 ತಂದೆ. ಒಂದಕ್ಕೆ ಸುಮಾರು 4,500 ರೂಪಾಯಿ. ಇನ್ವರ್ಟರ್, ಎರಡು ಬ್ಯಾಟರಿ ಸೇರಿ 38 ಸಾವಿರದ ಹತ್ತಿರ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚು, ಕೇಬಲ್ಲಿಗೆ ಐದಾರು ಸಾವಿರ. ಒಟ್ಟು 95 ಸಾವಿರ ದಾಟಲಿಲ್ಲ ಅಂತ ನೆನಪು. ಅದರಲ್ಲಿ 30 ಸಾವಿರ ನನ್ನ ಜೇಬಿನದು. ಬೆಂಗಳೂರಿನಲ್ಲಿರುವ ಇಬ್ಬರು ಹಳೇ ವಿದ್ಯಾರ್ಥಿಗಳು ತಲಾ 20 ಸಾವಿರ ಹಾಕಿದರು. ಉಳಿದದ್ದಕ್ಕೆ ಕಾಲೇಜು ಅಭಿವೃದ್ಧಿ ಸಮಿತಿಯ ಮುಂದೆ ಮೂರು ಸಲ ನಿಂತೆ. ಇಂಟರ್‌ನೆಟ್ ನಂಬುವ ಹಾಗಿರಲಿಲ್ಲ. ಒಂದನ್ನು ಉಳಿದವಕ್ಕೆ ಪ್ರಶ್ನೆ ಕಳಿಸುವ ಸರ್ವರ್ ಮಾಡಿ, ಪರೀಕ್ಷೆ ನಡೆಸುವ ತಂತ್ರಾಂಶ ಮೂಡಲ್ ಹಾಕಿದೆ. ಉಳಿದ ಹತ್ತಕ್ಕೆ ಲಿನಕ್ಸ್, ಪರದೆ ತುಂಬ ಪರೀಕ್ಷೆಯ ಪುಟವೊಂದೇ ಕಾಣುವ ಹಾಗೆ ಫೈರ್‌ಫಾಕ್ಸ್ ಕಿಯಾಸ್ಕ್ ಮೋಡ್.

ಮೊದಲ ಅಣಕು ಪರೀಕ್ಷೆ ಪೂರ್ತಿ ಕೆಟ್ಟಿತು. ಪ್ರಶ್ನೆಗಳೆಲ್ಲ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾಗಿದ್ದವು, ಹಾಗೇ ಅಂಟಿಸಿದ್ದೆ. ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಎಲ್ಲ ಕಂಪ್ಯೂಟರೂ ಓದುವ ಯೂನಿಕೋಡ್‌ಗೆ ತಿರುಗಿಸಿದರೆ ಅರ್ಕಾವತ್ತು ಜಾಗ ತಪ್ಪಿ ಕೂತವು. 600 ಪ್ರಶ್ನೆಗಳನ್ನು ನಾನೂ ನನ್ನ ಹೆಂಡತಿಯೂ ರಾತ್ರಿ ಕೂತು ತಿದ್ದಿದೆವು. ಗಣಿತದ ಸೂತ್ರ ಬೇರೆ ಬರಲಿಲ್ಲ. ಸೂತ್ರ ತೋರಿಸುವ ಮ್ಯಾಥ್‌ಜಾಕ್ಸ್ ನೆಟ್ಟಿನಿಂದ ಬರುವುದು, ನಮ್ಮಲ್ಲಿ ನೆಟ್ಟೇ ಇಲ್ಲ. ಅದನ್ನೂ ಸರ್ವರಿನಲ್ಲೇ ಇಟ್ಟ ಮೇಲೆ ಸರಿಹೋಯಿತು.

ದೊಡ್ಡ ತಪ್ಪು ಗೊತ್ತಾಗಿದ್ದು ತಡವಾಗಿ. ಮೂಡಲ್ ತಾನೇ ಉತ್ತರ ಉಳಿಸುತ್ತದೆ. ಸಂಖ್ಯೆ ಒತ್ತಿ ಜಿಗಿದರೂ ಉಳಿಸುತ್ತದೆ. ಅಂದರೆ ಆ ಹುಡುಗಿ ಮಾಡಿದ ತಪ್ಪನ್ನೇ ನಾನು ಎರಡು ತಿಂಗಳು ಮಕ್ಕಳಿಗೆ ಅಭ್ಯಾಸ ಮಾಡಿಸಿದ್ದೆ! ಸೇವ್ ಒತ್ತದಿದ್ದರೆ ಉತ್ತರ ಅಳಿಸಿಹೋಗುವ ಹಾಗೆ ಅದನ್ನು ಬದಲಿಸಿದೆ. ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಕಾಲೇಜಿಗೆ ಬಂದವರಿಗೆ ತೋರಿಸುತ್ತೇನೆ. ಕಲಬುರಗಿಯ ಕೋಚಿಂಗ್ ಸೆಂಟರುಗಳಲ್ಲೂ ನಾನು ಇದನ್ನು ನೋಡಿಲ್ಲ. ಬಣ್ಣಗಳನ್ನೂ ಅಸಲಿ ಪರೀಕ್ಷೆಯ ಹಾಗೇ ಮಾಡಿದೆ. ಕೆಂಪು ಅಂದರೆ ನೋಡಿದ್ದು, ಉತ್ತರಿಸಿಲ್ಲ. ಹಸಿರು ಅಂದರೆ ಉಳಿದಿದೆ. “ಹಸಿರು ಎಣಿಸಿ ಏಳ್ರಿ” ಅಂತ ಒಂದೇ ಮಾತು ದಿನಾ ಹೇಳಿದೆ.

ಮೌಸ್ ಮೇಜಿನ ಸನ್‌ಮೈಕಾ ಮೇಲೆ ಕುಣಿಯುತ್ತಿತ್ತು. ಹಳೇ ಪರೀಕ್ಷಾ ರಟ್ಟು ಕತ್ತರಿಸಿ ಕೆಳಗಿಟ್ಟೆ, ನಿಂತಿತು. ಒಂದು ವಾರ ಕೀಬೋರ್ಡ್ ತೆಗೆದಿಟ್ಟು ಬರೀ ಮೌಸಿನಲ್ಲೇ ಕೆಲಸ ಮಾಡಿಸಿದೆ. ಎಡಗೈ ಮಕ್ಕಳಿಗೆ ಬಲಗೈಯಲ್ಲೇ ಮೌಸ್ ರೂಢಿ ಮಾಡಿಸಲು ಹೋಗಿ ಸೋತೆ. ಆಮೇಲೆ ಬಟನ್ ಬದಲಿಸದೆ, ಮೌಸನ್ನಷ್ಟೇ ಎಡಕ್ಕಿಟ್ಟೆ. ಅದು ಹಿಡಿಸಿತು.

ವೇಳೆಯದು ಇನ್ನೊಂದು ಕಷ್ಟ. ಮಾರ್ಚಿನಲ್ಲಿ ಪಿಯು ಪರೀಕ್ಷೆ ಮುಗಿದರೆ ಅರ್ಧ ಮಕ್ಕಳು ಅಪ್ಪ ಅಮ್ಮನ ಜೊತೆ ಬೆಂಗಳೂರು, ಮುಂಬೈಗೆ ದುಡಿಯಲು ಹೋಗುತ್ತಾರೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಹೀಗಾಗಿ ನವೆಂಬರ್ ಮತ್ತೆ ಫೆಬ್ರವರಿ, ಬೆಳಿಗ್ಗೆ 8ರಿಂದ 9, ದಿನಕ್ಕೊಂದರಂತೆ ನಾಲ್ಕು ಪಾಳಿ. 40 ಮಕ್ಕಳು, 10 ಯಂತ್ರ, ಅಷ್ಟೇ ಸಾಕಾಯಿತು.

2024ರಲ್ಲಿ ಕೆಲವು ವಿಷಯಗಳ ಸಿಯುಇಟಿ ಪೆನ್ನು ಹಾಳೆಗೆ ಹೋಯಿತು. “ನೋಡ್ರಿ, ಸುಮ್ನೆ ರೊಕ್ಕ ಕಳಕೊಂಡ್ರಿ” ಅಂದರು ಸ್ಟಾಫ್ ರೂಮಿನಲ್ಲಿ. ಬೇಸರ ಆಯಿತು, ತಾಲೀಮು ನಿಲ್ಲಿಸಲಿಲ್ಲ. 2025ರಲ್ಲಿ ಎಲ್ಲಾ ವಿಷಯವೂ ಕಂಪ್ಯೂಟರಿಗೆ ಬಂತು. ಪ್ರತಿ ವಿಷಯಕ್ಕೂ 50 ಪ್ರಶ್ನೆ, 60 ನಿಮಿಷ.

ಆ ವರ್ಷ ಕೊನೆಯ ಅಣಕು ಪರೀಕ್ಷೆಗೆ ನಗರದ ಒಂದು ಕಾಲೇಜಿನ ಎಸಿ ಲ್ಯಾಬ್ ಕೇಳಿಕೊಂಡೆ. ಮೇ ತಿಂಗಳ ಬಿಸಿಲಿನಿಂದ ಎಸಿ ಒಳಗೆ ಹೋದರೆ ನಮ್ಮ ಮಕ್ಕಳ ಕೈ ನಡುಗುತ್ತದೆ, ಮೊದಲ ಹತ್ತು ನಿಮಿಷ ಏನೂ ತಲೆಗೆ ಹೋಗುವುದಿಲ್ಲ. ಇದನ್ನೂ ಮೊದಲೇ ಅನುಭವಿಸಿರಬೇಕು ಅಂತ ನನ್ನ ಹಟ. ಬಸ್ ಚಾರ್ಜು, ಊಟ ಸೇರಿ 14 ಮಕ್ಕಳಿಗೆ ಮೂರು ಸಾವಿರ ಆಯಿತು.

ಪರೀಕ್ಷೆ ಬರೆದ ಆ 14 ಜನರಲ್ಲಿ ಒಬ್ಬರೂ ಉಳಿಸದ ಉತ್ತರ ಬಿಟ್ಟು ಬರಲಿಲ್ಲ. ನಾಲ್ವರು ಕಡಗಂಚಿ ಸೇರಿದರು. ಒಬ್ಬಳ ತಂದೆ ಕಲ್ಲು ಒಡೆಯುವವರು. ಹಾಸ್ಟೆಲ್ಲಿಗೆ ಬಿಡಲು ಹೋದಾಗ ನನ್ನ ಕೈ ಹಿಡಿದುಕೊಂಡೇ ನಿಂತಿದ್ದರು. ಈಗ ಪಕ್ಕದ ಎರಡು ಕಾಲೇಜಿನವರು ಸರ್ವರ್ ಕಾಪಿ ಒಯ್ದಿದ್ದಾರೆ. ನನ್ನ ಒಂದು ಬ್ಯಾಟರಿ ಉಬ್ಬಿದೆ. ನವೆಂಬರಿಗೆ ಮುಂಚೆ ಹೊಸದು ಬೇಕು, 15 ಸಾವಿರ. ಸಮಿತಿಗೆ ಈ ಸಲದ ಅರ್ಜಿ ಬರೆದಾಗಿದೆ.