ಚೀಲದ ಲೆಕ್ಕ ಸಾಲದು: ತೊಗರಿ ಹೊಲದಲ್ಲಿ ಉತ್ಪಾದಕತೆ

ನಮ್ಮ ಆಳಂದ ಕಡೆ ರಾಶಿ ಮುಗಿದ ಮೇಲೆ ಎಲ್ಲರೂ ಕೇಳೋದು ಒಂದೇ: "ಈ ಸಲ ಎಷ್ಟ್ ಚೀಲ ಆದವ್ರೀ?" ಎಷ್ಟು ಎಕರೆಗೆ ಅಂತ ಕೇಳುವವರು ಕಡಿಮೆ. ಹತ್ತು ಎಕರೆಯಲ್ಲಿ 40 ಕ್ವಿಂಟಲ್ ತೆಗೆದವರ ಉತ್ಪಾದನೆ ಹೆಚ್ಚು. ಆರು ಎಕರೆಯಲ್ಲಿ 36 ತೆಗೆದವರ ಉತ್ಪಾದಕತೆ ಹೆಚ್ಚು. ಹಾಕಿದ ಎಕರೆಗೆ, ರೂಪಾಯಿಗೆ, ಆಳಿಗೆ ಎಷ್ಟು ಬಂತು ಎಂಬ ಮೂರು ಲೆಕ್ಕವನ್ನೂ ನಾನು ವಹಿಯಲ್ಲಿ ಬೇರೆ ಬೇರೆ ಬರೆಯುತ್ತೇನೆ.

ಎಕರೆ ಲೆಕ್ಕ ಕೆಡಿಸುವುದು ಗಿಡವನ್ನೇ ಒಣಗಿಸುವ ನೆಟೆ ರೋಗ. ಒಣಗಿದ ಗಿಡವೂ ಜಾಗ ಹಿಡಿದೇ ನಿಂತಿರುತ್ತದೆ. ಅದರ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುವುದರಿಂದ ರೋಗ ಬಂದ ಮೇಲೆ ಔಷಧ ಹುಡುಕಿ ಫಲವಿಲ್ಲ. ಅದಕ್ಕೇ ರೋಗ ತಡೆಯುವ ಟಿಎಸ್-3ಆರ್ ತಳಿ ಹಾಕುತ್ತೇನೆ, ಬಿತ್ತುವ ಮುಂಚೆ ಬೀಜಕ್ಕೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಹಚ್ಚುತ್ತೇನೆ.

ನನಗೆ ಹೆಚ್ಚು ನಂಬಿಕೆ ಇರುವುದು ಕುಡಿ ಚಿವುಟುವುದರ ಮೇಲೆ. ಬಿತ್ತಿ 45-50 ದಿನಕ್ಕೆ ಗಿಡದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮುರಿಯಬೇಕು. ಎಳೆಯ ಕುಡಿ ಚಟ್ಟನೆ ಬರುತ್ತದೆ. ಮೊದಲ ಸಲ ಆಳಿಗೆ ಬಂದ ಒಬ್ಬ ಅವ್ವ ಕೈ ಹಿಂದೆ ತಗೊಂಡಳು: "ತಮ್ಮಾ, ಚಲೋ ಬೆಳೀಲಿಕತ್ತದ, ಯಾಕ ಮುರಸ್ತಿ?" ಮೇಲಕ್ಕೆ ಹೋಗುವ ಬೆಳವಣಿಗೆ ನಿಂತರೆ ಪಕ್ಕದ ಕಣ್ಣುಗಳು ಒಡೆಯುತ್ತವೆ, ಟೊಂಗೆ ಹೆಚ್ಚಾದಷ್ಟು ಹೂವು, ಕಾಯಿ ಹೆಚ್ಚು. ಆ ದಿನ ಮುಗಿಯುವ ಹೊತ್ತಿಗೆ ಅವ್ವನೇ ಉಳಿದವರಿಗೆ ತೋರಿಸಿಕೊಡುತ್ತಿದ್ದಳು. ಕುಡಿ ಚಿವುಟುವ ಬ್ಯಾಟರಿ ಯಂತ್ರವೂ ಬಂದಿದೆ. ಅದರಿಂದ ಕೈಯಲ್ಲಿ ಚಿವುಟಿದ್ದಕ್ಕಿಂತ ಎಕರೆ ಇಳುವರಿ ಏರುವುದಿಲ್ಲ, ಆದರೆ ಒಂದೇ ಆಳು ಹೆಚ್ಚು ಸಾಲು ಮುಗಿಸುತ್ತದೆ. ಆಳು ಸಿಗದ ಊರಲ್ಲಿ ಅದು ಸಣ್ಣ ಲಾಭವಲ್ಲ.

ಹೂವು ಉದುರದಂತೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶಗಳ ಮಿಶ್ರಣ ಹೊಡೆಯುತ್ತೇನೆ. ಯಾವ ಸಿಂಪಡಣೆಗೂ ಮುಂಚೆ ರೂಪಾಯಿ ಲೆಕ್ಕ ಹಾಕುವುದು ರೂಢಿ. 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಆ ಬೆಲೆಗೆ ಅರ್ಧ ಕ್ವಿಂಟಲ್ ಹೆಚ್ಚು ಬಂದರೆ ಕೈಗೆ 3,775. ಔಷಧ, ಕೂಲಿ ಸೇರಿ ಅದಕ್ಕಿಂತ ಜಾಸ್ತಿ ಹೋದರೆ ಇಳುವರಿ ಏರಿಯೂ ನಷ್ಟವೇ. ಅಂಗಡಿಯವರು ಇನ್ನೊಂದು ಬಾಟಲಿ ಮುಂದಿಟ್ಟಾಗ ನಾನು ಕೇಳುವುದು ಇದನ್ನೇ.

ಸಾಲಿನ ನಡುವೆ ಹೆಸರುಕಾಳು ಬಿತ್ತುವುದನ್ನಂತೂ ಬಿಡುವುದಿಲ್ಲ. ತೊಗರಿ ಹರಡಿಕೊಳ್ಳುವ ಮುಂಚೆ, ಎರಡು-ಎರಡೂವರೆ ತಿಂಗಳಲ್ಲಿ ಅದು ಕೈಗೆ ಬರುತ್ತದೆ. ತೊಗರಿಯ ಖರ್ಚಿಗೆ ಒಂದಿಷ್ಟು ರೊಕ್ಕ ಅಲ್ಲಿಂದಲೇ ಹುಟ್ಟುತ್ತದೆ. ವಹಿಯಲ್ಲಿ ಆ ಹೆಸರುಕಾಳನ್ನೂ ಅದೇ ಎಕರೆಯ ಕೆಳಗೇ ಬರೆಯುತ್ತೇನೆ.