ಕ ಸ ತ ನ ಹ ಮ: ಅಕ್ಷರ ಕಲಿತು ಜಪಾನಿಗೆ ಹೋದ ಅನುಭವ

ಮೊದಲ ಬಾರಿ ಜಪಾನಿಗೆ ಹೊರಟಾಗ ನಾನು ಮಾಡಿಕೊಂಡ ಮುಖ್ಯ ಸಿದ್ಧತೆಯೆಂದರೆ ಅಲ್ಲಿನ ಅಕ್ಷರ ಕಲಿತದ್ದು. ಹುಟ್ಟಿನಿಂದ ಸಸ್ಯಾಹಾರಿಯಾದ ನನಗೆ, ಭಾಷೆ ಬಾರದ ನಾಡಿನಲ್ಲಿ ಪೊಟ್ಟಣದ ಹಿಂಬದಿಯನ್ನಾದರೂ ಓದಿಕೊಳ್ಳಲು ಬರಬೇಕು ಎನ್ನಿಸಿತ್ತು. ಚೀನಾದಿಂದ ಬಂದ, ಅರ್ಥವನ್ನೇ ಸೂಚಿಸುವ ಸಾವಿರಾರು ಕಾಂಜಿ ಅಕ್ಷರಗಳ ಗೋಜಿಗೆ ಹೋಗದೆ, ಉಚ್ಚಾರವನ್ನಷ್ಟೇ ತಿಳಿಸುವ ಹಿರಗಾನ, ಕತಕಾನಗಳ ತಲಾ 46 ಮೂಲಾಕ್ಷರಗಳನ್ನು ದಿನಕ್ಕೆ ಐದರಂತೆ ತಿದ್ದಿದೆ.

ಕಲಿಯುತ್ತ ಹೋದಂತೆ ಅವುಗಳ ಕ್ರಮ ಕಂಡು ಬೆರಗಾಯಿತು. ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳು ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಂಸ್ಕೃತದ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ್ದರಿಂದ ನಮ್ಮ ವರ್ಣಮಾಲೆಯ ಜೋಡಣೆಯೇ ಅಲ್ಲಿಯೂ ನೆಲೆಯೂರಿದೆ. ಚಕಾರದ ಜಾಗದಲ್ಲಿ ಸಕಾರವಿದೆ, ಪಕಾರದ ಜಾಗದಲ್ಲಿ ಹಕಾರವಿದೆ. ಆ ಹಕಾರವೂ ಪ್ರಾಚೀನ ಜಪಾನಿಯಲ್ಲಿ ಪಕಾರವೇ ಆಗಿತ್ತು. ಹಳಗನ್ನಡದ ಪಾಲ್ ಹಾಲಾದುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಸಾಕಾದ ಅಂಗಡಿಯೊಂದರಲ್ಲಿ ಈ ಕಲಿಕೆ ಮೊದಲು ಕೆಲಸಕ್ಕೆ ಬಂತು. ಒನಿಗಿರಿ ಎಂದರೆ ಕಡಲಪಾಚಿಯ ಹಾಳೆ ಸುತ್ತಿದ ಅನ್ನದ ಮುದ್ದೆ. ಒಳಗೆ ಉಪ್ಪಿನಲ್ಲಿ ನೆನೆಸಿದ ಉಮೆ ಹಣ್ಣು ಮಾತ್ರ ಇರುತ್ತದೆಂದು ನಂಬಿ ಕೈಗೆತ್ತಿಕೊಂಡವನು ಹಿಂಬದಿಯ ಸಣ್ಣಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಾಗ ಕ, ತ್ಸು, ಒ ಎಂಬ ಮೂರು ಅಕ್ಷರಗಳು ಸಿಕ್ಕವು. ಕತ್ಸುಒ ಎಂದರೆ ಒಂದು ಜಾತಿಯ ಮೀನು. ಅದನ್ನು ಒಣಗಿಸಿ ತೆಗೆದ ಸಾರವೇ ಅಲ್ಲಿನ ಅಡುಗೆಯ ಬುನಾದಿ. ಅಂದಿನಿಂದ ಆ ಮೂರು ಅಕ್ಷರಗಳ ಜೊತೆಗೆ, ಮೀನು ಎಂಬ ಒಂದು ಕಾಂಜಿಯ ರೂಪವನ್ನೂ ಗುರುತಿಟ್ಟುಕೊಂಡೆ. ಅನೇಕ ಮೀನುಗಳ ಹೆಸರಿನ ಎಡಭಾಗದಲ್ಲಿ ಅದೇ ಇರುತ್ತದೆ. ಸಸ್ಯಾಹಾರಿಗಳು ಇದೊಂದನ್ನಾದರೂ ಕಲಿತು ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ.

ರೈಲುಗಳ ಸಮಯಪಾಲನೆಯನ್ನು ಎಲ್ಲರೂ ಹೊಗಳಿದ್ದಾರೆ, ಅದು ನಿಜ. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ನಿಲ್ದಾಣದ ಫಲಕಗಳ ಮೇಲಿನ ಹಿರಗಾನ. ಒಸಾಕಾದ ನಂಬಾ ನಿಲ್ದಾಣದಿಂದ ಹೊರಟು 'ಗೊಕುರಾಕುಬಾಶಿ' ಎಂದು ತಡವರಿಸುತ್ತ ಓದಿ ಇಳಿದೆ. ಸುಖಾವತಿಯ, ಅಂದರೆ ಬೌದ್ಧರ ಸ್ವರ್ಗದ, ಸೇತುವೆ ಎಂದು ಅದರ ಅರ್ಥ. ಅಲ್ಲಿಂದ ಕೇಬಲ್ ಕಾರಿನಲ್ಲಿ ಕೋಯಾಸಾನ್ ಬೆಟ್ಟ ಹತ್ತಬೇಕು. 804ರಲ್ಲಿ ಚೀನಾಕ್ಕೆ ಹೋಗಿ ಸಂಸ್ಕೃತ ಕಲಿತು ಮರಳಿದ ಬೌದ್ಧ ಭಿಕ್ಷು ಕೂಕಾಯ್ 816ರಲ್ಲಿ ಸ್ಥಾಪಿಸಿದ ಕ್ಷೇತ್ರವಿದು. ಇಲ್ಲಿನ ದೇವಾಲಯಗಳಲ್ಲಿ ಯಾತ್ರಿಕರಿಗೆ ವಸತಿಯೂ, ಮೀನು, ಮಾಂಸ, ಬೆಳ್ಳುಳ್ಳಿಗಳಿಲ್ಲದ ಊಟವೂ ದೊರೆಯುತ್ತವೆ. ಎಳ್ಳನ್ನು ನುಣ್ಣಗೆ ರುಬ್ಬಿ, ಗೆಡ್ಡೆಯ ಹಿಟ್ಟು ಬೆರೆಸಿ ಗಟ್ಟಿ ಮಾಡಿದ ಗೊಮಾದೋಫು ಬಾಯಲ್ಲಿಟ್ಟರೆ ಕರಗುತ್ತಿತ್ತು. ಆ ರಾತ್ರಿ ಏನನ್ನೂ ಪರೀಕ್ಷಿಸದೆ ಹೊಟ್ಟೆ ತುಂಬ ಉಂಡೆ.

ಊಟವಾದ ಮೇಲೆ ಹಿರಿಯ ಭಿಕ್ಷುವೊಬ್ಬರು ಕಾಗದದ ಮೇಲೆ ಐದು ಸಿದ್ಧಂ ಅಕ್ಷರಗಳನ್ನು ಬರೆದು 'ಕ್ಯಾ, ಕಾ, ರಾ, ಬಾ, ಆ' ಎಂದು ಓದಿದರು. ಅವು ಮೂಲದಲ್ಲಿ ಖ, ಹ, ರ, ವ, ಅ. ನಾನು ಹಾಗೆ ಉಚ್ಚರಿಸಿದಾಗ ಅವರು ಇನ್ನೊಮ್ಮೆ ಹೇಳಿಸಿ ಕಣ್ಣು ಮುಚ್ಚಿ ಕೇಳಿದರು. ಮರುದಿನ ಬೆಳಿಗ್ಗೆ ಒಕುನೊಇನ್ ಸ್ಮಶಾನದ ಮುಗಿಲೆತ್ತರದ ಸೀಡರ್ ಮರಗಳ ನಡುವೆ, ಒಂದರ ಮೇಲೊಂದು ಐದು ಆಕಾರದ ಕಲ್ಲುಗಳನ್ನಿಟ್ಟ ಸಮಾಧಿಯ ಮುಂದೆ ಆ ಕಾಗದ ಹಿಡಿದು ನಿಂತು ಕೆಳಗಿನಿಂದ ಮೇಲಕ್ಕೆ ಓದಿದೆ: ಅ ಪೃಥ್ವಿ, ವ ನೀರು, ರ ಬೆಂಕಿ, ಹ ಗಾಳಿ, ಖ ಆಕಾಶ.